ಉಂಟು, ಇಲ್ಲ, ಉಂಟು

ಮಂಜೇಶ್ವರದ ಬಂದರಿನ ಬದಿ, ಅಂದುಂಞಿಯವರ ಐಸ್ ಪ್ಲಾಂಟಿನಲ್ಲಿ
ಗೋಡೆಗೆ ಮೊಳೆ ಹೊಡೆದು ನಿಲ್ಲಿಸಿದ ಒಂದು ಪೆಟ್ಟಿಗೆ.
ಐದು ನಿಮಿಷಕ್ಕೊಮ್ಮೆ ಕೋಣೆಯ ಚಳಿ ಅಳೆದು
ಉಗುರಿನಷ್ಟು ಕಾರ್ಡಿನಲ್ಲಿ ಬರೆದಿಡುವುದು ಅದರ ಕೆಲಸ.
ಅದರೊಳಗಿನ ಕರ್ನಲ್ಲಿಗೆ ಡ್ರೈವರ್ ಬರೆದವಳು ನಾನು.

ಕಾರ್ಡು ಬಂತೇ ಎಂದು ತಿಳಿಯಲು
ಬಾಯಲ್ಲೊಂದು ಹಿತ್ತಾಳೆಯ ನಾಲಗೆ, ಅಕ್ಕಿಕಾಳಿನಷ್ಟು.
ಕಾರ್ಡು ಒತ್ತಿದರೆ ನಾಲಗೆ ತಳ ಮುಟ್ಟುತ್ತದೆ,
ಪಿನ್ನು ಸೊನ್ನೆಯಾಗುತ್ತದೆ.
ಬಂದರೆ ಸೊನ್ನೆ, ಹೋದರೆ ಒಂದು.
"ಇದೆಂಥ ಲೆಕ್ಕ ಮಾರಾಯ್ತಿ" ಎಂದರು ಅಂದುಂಞಿ,
"ಬಂದವನಿಗೆ ಸೊನ್ನೆ ಹಾಕುವ ಹಾಜರಿ ಪುಸ್ತಕ
ನಿನ್ನ ಅಮ್ಮ ಟೀಚರಾಗಿದ್ದಾಗಲೂ ನಾನು ಕಂಡದ್ದಿಲ್ಲ."

ಕಡಲ ಗಾಳಿ ಆ ನಾಲಗೆಯನ್ನು ಬಿಡಲಿಲ್ಲ.
ಎರಡನೇ ತಿಂಗಳಿಗೆ ಕಿಲುಬು.
ಕಾರ್ಡು ತುರುಕಿದ ಕೂಡಲೇ ಲಾಗಿನ ತುಂಬ
ಉಂಟು. ಇಲ್ಲ. ಉಂಟು. ಇಲ್ಲ. ಇಲ್ಲ. ಉಂಟು.
(ತುಳುವಿನಲ್ಲಾದರೆ ಉಂಡು, ಮಲಯಾಳದಲ್ಲಿ ಉಣ್ಡ್;
ನಾನು ಬರೆಸಿದ್ದು ಉಂಟು.)
ಒಂದು ಸಲ ತುರುಕಿದ್ದಕ್ಕೆ ನಲವತ್ತೊಂದು ಇಂಟರಪ್ಟು.
ನಲವತ್ತೊಂದು ಸಲ ಬಾಗಿಲು ತಟ್ಟಿದರೆ
ನಲವತ್ತೊಂದು ಜನ ಬಂದ ಹಾಗಲ್ಲ.
ಇನ್ನೂರು ಮಿಲಿಸೆಕೆಂಡು ಸುಮ್ಮನಿರು ಎಂದು ಬರೆದೆ,
ಕೊನೆಯ ತಟ್ಟು ಅಡಗಲಿ, ಆಮೇಲೆ ಒಮ್ಮೆ ಇಣುಕಿ ನೋಡು.

ಇಂಟರಪ್ಟು ಎತ್ತಿಕೊಳ್ಳುವವನಿಗೆ ನಿದ್ದೆಯ ಹಕ್ಕಿಲ್ಲ.
ಚೀಟಿ ಗೀಚಿ ಒಳಗೆಸೆದು ಓಡಬೇಕು, ಅಷ್ಟೆ;
ಕಾದು, ಓದಿ, ಕಾರ್ಡಿನ ಹತ್ತಿರ ನಿಧಾನಕ್ಕೆ ಮಾತಾಡುವವನು ಬೇರೆ.
ಇದನ್ನು ಮರೆತು, ಒಂದು ರಾತ್ರಿ ಇಡೀ ಪೆಟ್ಟಿಗೆಯೇ ಮರಗಟ್ಟಿತ್ತು.

ಕಿತ್ತರೆ? ಬರೆಯುತ್ತಿರುವಾಗಲೇ ಕಿತ್ತರೆ?
ಕೀಳುವವನು ಕೇಳಿ ಕೀಳುವುದಿಲ್ಲ.
ಕೈಯಲ್ಲಿದ್ದ ಬಾಕಿಯನ್ನೆಲ್ಲ ಆಗಲಿಲ್ಲವೆಂದು ವಾಪಸು ಕೊಡು,
ಅದರ ಹೆಸರು ಹಿಡಿದುಕೊಂಡವರು ಒಬ್ಬೊಬ್ಬರೇ ಬಿಡುವ ತನಕ ನಿಲ್ಲು,
ಆಮೇಲೆ ಜಾಗ ಗುಡಿಸು. ಮೊದಲೇ ಗುಡಿಸಿದರೆ
ಇಲ್ಲದ ಮನೆಯ ಮೆಟ್ಟಿಲಿಗೆ ಯಾರೋ ಕಾಲಿಡುತ್ತಾರೆ.

ಇಷ್ಟೆಲ್ಲ ಸರಿ ಮಾಡಿದ್ದೆ.

ಜೂನಿನ ಒಂದು ಸಂಜೆ ಕರೆಂಟು ಹೋಯಿತು.
ಬ್ಯಾಟರಿ ಉಳಿಸಲು ಪೆಟ್ಟಿಗೆ ಮಲಗಿತು, ನಾನೇ ಹಾಗೆ ಬರೆದದ್ದು.
ಅಂದುಂಞಿಯವರ ಮೊಮ್ಮಗ ಸಿನಾನ್
ಮೊಬೈಲಿನ ಬೆಳಕು ಹಿಡಿದು ಬಂದ. ಹಾಡು ತುಂಬಲು ಒಂದು ಕಾರ್ಡು ಬೇಕಿತ್ತು.
ಇದನ್ನು ತೆಗೆದ. ಬಾಯಿ ಖಾಲಿ ಕಂಡರೆ ಅಜ್ಜ ಬಯ್ಯುತ್ತಾರೆಂದು
ಮೇಜಿನ ಖಾನೆಯಲ್ಲಿದ್ದ ಇನ್ನೊಂದನ್ನು ಸಿಕ್ಕಿಸಿದ.
ನಾಲಗೆ ಎದ್ದಿತು, ಬಿದ್ದಿತು. ಕೇಳುವವರು ಮಲಗಿದ್ದರು.

ಎಂಟು ಹತ್ತಕ್ಕೆ ಎದ್ದ ಕರ್ನಲ್ ಪಿನ್ನು ನೋಡಿತು. ಸೊನ್ನೆ.
ಮಲಗುವಾಗಲೂ ಉಂಟು, ಏಳುವಾಗಲೂ ಉಂಟು,
ಹಾಗಾದರೆ ಅದೇ ಎಂದುಕೊಂಡಿತು.
ಹಳೆಯ ನಕ್ಷೆ ಹಿಡಿದು ಬೇರೆ ಊರಿನಲ್ಲಿ ನಡೆಯಿತು.
ಮೈನಸ್ ಆರು, ಮೈನಸ್ ಆರೂವರೆ, ಮೈನಸ್ ಏಳು,
ಬೆಳಗಿನ ತನಕ ಬರೆಯಿತು
ರಂಸೀನಾಳ ನಿಕಾಹಿನ ಫೋಟೋಗಳ ಮೇಲೆ.

ಉಳಿದದ್ದನ್ನು ಮೂರು ದಿನ ಕೂತು ಹೆಕ್ಕಿದೆ.
ಒಂದರಲ್ಲಿ ಮದರಂಗಿಯ ಕೈ, ಮಣಿಕಟ್ಟಿನ ತನಕ.
ಒಂದರಲ್ಲಿ ಹಣೆ, ಕಣ್ಣು, ಮೂಗು;
ಅಲ್ಲಿಂದ ಕೆಳಗೆ ಬೂದು.
ಅಂದುಂಞಿ ಬಯ್ಯಲಿಲ್ಲ. ಕನ್ನಡಕ ಒರೆಸಿಕೊಂಡು
"ಇದರಲ್ಲಿ ಇವಳು ನಗುತ್ತಿದ್ದಳಾ?" ಎಂದು ಕೇಳಿದರು.
ಕಣ್ಣಷ್ಟೇ ನೋಡಿ ನನಗೆ ಹೇಳಲಾಗಲಿಲ್ಲ.

ಆ ರಾತ್ರಿ ಡ್ರೈವರಿಗೆ ಆರು ಸಾಲು ಸೇರಿತು.
ಎದ್ದ ಕೂಡಲೇ ಪಿನ್ನಿನ ಮಾತೊಂದೇ ಸಾಲದು;
ಕಾರ್ಡಿನ ಗುರುತುಸಂಖ್ಯೆ ಕೇಳು, ಮಲಗುವ ಮೊದಲಿನದ್ದಕ್ಕೆ ತಾಳೆ ನೋಡು,
ಬೇರೆಯಾದರೆ ಹಳಬರನ್ನು ಕಳಿಸಿಕೊಟ್ಟು
ಹೊಸಬರನ್ನು ಹೊಸಬರೆಂದೇ ಕರೆ.
ಆ ಸಾಲುಗಳ ತಲೆಯ ಮೇಲೊಂದು ಟಿಪ್ಪಣಿ, ಕನ್ನಡದಲ್ಲೇ:
ಉಂಟು ಸರಿ, ಯಾರುಂಟು?

ಮುಂದಿನ ವಾರ ಸಿನಾನ್ ಬಾಗಿಲಲ್ಲಿ ನಿಂತಿದ್ದ,
ಮುಷ್ಟಿಯೊಳಗೆ ಆ ಮೊದಲಿನ ಕಾರ್ಡು.
ಹಾಡು ತುಂಬಿದ್ದಾನಂತೆ, ಚಳಿಯ ಲೆಕ್ಕ ಮಾತ್ರ ಅಳಿಸಲಿಲ್ಲವಂತೆ.
ನೀನೇ ಹಾಕು ಎಂದೆ.
ತುರುಕಿದ.
ಉಂಟು. ಇಲ್ಲ. ಉಂಟು. ಇಲ್ಲ.
ನಾವಿಬ್ಬರೂ ಇನ್ನೂರು ಮಿಲಿಸೆಕೆಂಡು
ಉಸಿರು ಹಿಡಿದು ನಿಂತೆವು.